ಹೆನ್ರಿ ಸಮಸ್ಯೆ: ಉಪ್ಪುನೀರಿನ ಬೆಣೆಯನ್ನು ಮಾಡ್‌ಫ್ಲೋ 6ರಲ್ಲಿ ಕಟ್ಟಿ ಪರೀಕ್ಷಿಸುವ ಬಗೆ

ಒಂದು ಘನ ಮೀಟರ್ ಸಿಹಿನೀರು 1000 ಕೆ.ಜಿ. ತೂಗಿದರೆ ಅಷ್ಟೇ ಸಮುದ್ರದ ನೀರು ಸುಮಾರು 1025 ಕೆ.ಜಿ. ತೂಗುತ್ತದೆ. ನೂರಕ್ಕೆ ಎರಡೂವರೆಯಷ್ಟಿರುವ ಈ ವ್ಯತ್ಯಾಸವೇ ಸಾಕು, ಕರಾವಳಿಯ ನೆಲದಡಿಯಲ್ಲಿ ಉಪ್ಪುನೀರು ಸಿಹಿನೀರಿನ ಕೆಳಗೆ ಬೆಣೆಯಂತೆ ತೂರಿಕೊಂಡು ಒಳನಾಡಿನತ್ತ ಬರುತ್ತದೆ. ನೀರು ಹರಿದಂತೆ ಉಪ್ಪು ಜಾಗ ಬದಲಿಸುತ್ತದೆ. ಉಪ್ಪು ಜಾಗ ಬದಲಿಸಿದರೆ ಸಾಂದ್ರತೆ ಬದಲಾಗಿ ಹರಿವಿನ ದಿಕ್ಕೇ ಬದಲಾಗುತ್ತದೆ. ಎರಡನ್ನೂ ಒಟ್ಟಿಗೆ ಬಿಡಿಸಬೇಕಾಗುವುದರಿಂದ ಇಲ್ಲಿ ಕೈಲೆಕ್ಕ ಬೇಗ ಸೋಲುತ್ತದೆ.

ಅದಕ್ಕೇ ನೆಲದಡಿಯ ನೀರಿನ ಹರಿವನ್ನು ಲೆಕ್ಕ ಹಾಕುವ ಮಾಡ್‌ಫ್ಲೋ 6ರಂಥ ತಂತ್ರಾಂಶ ಬೇಕು. ಈ ಕೆಲಸ ಕಲಿಯಲು ಹೆನ್ರಿ ಸಮಸ್ಯೆ ಒಳ್ಳೆಯ ಮೊದಲ ಮೆಟ್ಟಿಲು. ಫ್ಲೋರಿಡಾದ ಮಯಾಮಿ ಸುತ್ತಲಿನ ಬಿಸ್ಕೇನ್ ಜಲಧರಕ್ಕೆ (ನೀರು ತುಂಬಿದ ನೆಲದಡಿಯ ಪದರ) ಸಮುದ್ರದ ನೀರು ನುಗ್ಗುವುದನ್ನು ಅಮೆರಿಕದ ಭೂವೈಜ್ಞಾನಿಕ ಸಂಸ್ಥೆ ಯುಎಸ್‌ಜಿಎಸ್ ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ, 1964ರ ವರದಿಯೊಂದರಲ್ಲಿ ಹ್ಯಾರಲ್ಡ್ ಹೆನ್ರಿ ಇದನ್ನು ಗಣಿತವಾಗಿ ಬಿಡಿಸಿದರು. ಆಮೇಲೆ ಬಂದ ಹೆಚ್ಚುಕಡಿಮೆ ಎಲ್ಲ ಸಾಂದ್ರತೆ-ಹರಿವಿನ ತಂತ್ರಾಂಶಗಳೂ ತಮ್ಮನ್ನು ಈ ಸಮಸ್ಯೆಯ ಮೇಲೆ ಒರೆಗೆ ಹಚ್ಚಿವೆ. ಸಮಸ್ಯೆ ಚಿಕ್ಕದು, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಬೇಗನೆ ಓಡಿ ಮುಗಿಯುತ್ತದೆ. ಅದರ ಅಪಾಯ ಬೇರೆಡೆ ಇದೆ: ಒಳಗೆ ಎಷ್ಟೇ ತಪ್ಪಿದ್ದರೂ ಚಿತ್ರದಲ್ಲಿ ಬೆಣೆ ಚೆಂದವಾಗಿಯೇ ಕಾಣುತ್ತದೆ. ಆದ್ದರಿಂದ ಮಾದರಿ ಕಟ್ಟುವುದಕ್ಕೆ ಕೊಟ್ಟಷ್ಟೇ ಸಮಯವನ್ನು ಪರೀಕ್ಷೆಗೂ ಎತ್ತಿಡಿ.

ಸಮಸ್ಯೆ ಏನು

2 ಮೀಟರ್ ಉದ್ದ, 1 ಮೀಟರ್ ಎತ್ತರ, 1 ಮೀಟರ್ ದಪ್ಪದ ಮರಳಿನ ಒಂದು ಲಂಬ ಸೀಳು. ಮೇಲೂ ಕೆಳಗೂ ಮುಚ್ಚಿದೆ. ಎಡಗಡೆ ಒಳನಾಡು, ಅಲ್ಲಿಂದ ದಿನಕ್ಕೆ 5.7024 ಘನ ಮೀಟರ್ ಸಿಹಿನೀರು ಎತ್ತರದುದ್ದಕ್ಕೂ ಸಮನಾಗಿ ಒಳಬರುತ್ತದೆ. ಬಲಗಡೆ ಸಮುದ್ರ, ಅದರ ಮಟ್ಟ ಸೀಳಿನ ಮೇಲಂಚಿಗೆ ಸರಿಯಾಗಿ 1 ಮೀಟರ್. ಜಲವಾಹಕತೆ (ಮರಳು ನೀರನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಎಂಬ ಅಳತೆ) ದಿನಕ್ಕೆ 864 ಮೀಟರ್, ಸರಂಧ್ರತೆ (ಒಟ್ಟು ಗಾತ್ರದಲ್ಲಿ ರಂಧ್ರಗಳ ಪಾಲು) 0.35. ಸಮುದ್ರದ ನೀರಿನಲ್ಲಿ ಘನ ಮೀಟರಿಗೆ 35 ಕೆ.ಜಿ. ಉಪ್ಪು.

ಸ್ಥಿರ ಸ್ಥಿತಿಗೆ ಬಂದಾಗ ಸಮುದ್ರದ ಬದಿಯ ಕೆಳಭಾಗದಿಂದ ಉಪ್ಪುನೀರು ಒಳಬಂದು, ಸಿಹಿನೀರಿನೊಂದಿಗೆ ಬೆರೆತು, ಮೇಲಕ್ಕೆ ತಿರುಗಿ, ಅದೇ ಬದಿಯ ಮೇಲ್ಭಾಗದಿಂದ ಹೊರಹೋಗಬೇಕು. ಈ ಸುತ್ತು ಕಾಣದಿದ್ದರೆ ನೀವು ಲೆಕ್ಕ ಹಾಕಿದ್ದು ಹೆನ್ರಿ ಸಮಸ್ಯೆಯಲ್ಲ.

ವಿಸರಣಾಂಕದ ಗೊಂದಲ, ಮೊದಲೇ ಬಗೆಹರಿಸಿಕೊಳ್ಳಿ

ವಿಸರಣಾಂಕ ಎಂದರೆ ಉಪ್ಪು ನೀರಿನಲ್ಲಿ ತಾನಾಗಿಯೇ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ. ಬೇರೆ ಬೇರೆ ಪ್ರಬಂಧಗಳಲ್ಲಿ ಈ ಸಮಸ್ಯೆಗೆ ಎರಡು ವಿಸರಣಾಂಕಗಳು ಸಿಗುತ್ತವೆ: ದಿನಕ್ಕೆ 1.62925 ಚದರ ಮೀಟರ್ ಮತ್ತು 0.57024 ಚದರ ಮೀಟರ್. ಮೊದಲನೆಯದನ್ನು ಸರಂಧ್ರತೆ 0.35ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಹೆನ್ರಿಯ ಅಂಕದೊಳಗೆ ಸರಂಧ್ರತೆ ಸೇರಿದೆಯೋ ಇಲ್ಲವೋ ಎಂಬ ಗೊಂದಲದಿಂದ ಹುಟ್ಟಿದ ಜೋಡಿ ಇದು, ಇವತ್ತಿಗೂ ಜನರನ್ನು ಕಾಡುತ್ತಿದೆ.

ತಾಳೆ ನೋಡುವುದು ಕಷ್ಟವಲ್ಲ. ಹೆನ್ರಿಯ ಲೆಕ್ಕದಲ್ಲಿ ವಿಸರಣವನ್ನು ಒಳಹರಿವಿನಿಂದ ಭಾಗಿಸಿದ ಸಂಖ್ಯೆ 0.1. ನಮ್ಮಲ್ಲಿ 0.57024ನ್ನು 5.7024ರಿಂದ ಭಾಗಿಸಿದರೆ ಸರಿಯಾಗಿ 0.1. ಅಂದರೆ ಸರಂಧ್ರತೆಯೊಂದಿಗೆ ಗುಣಿಸಿದ ಮೇಲೆ ಉಳಿಯಬೇಕಾದ ಬೆಲೆ 0.57024. ಮಾಡ್‌ಫ್ಲೋ 6 ನೀವು ಕೊಟ್ಟ ವಿಸರಣಾಂಕವನ್ನು ತಾನೇ ಸರಂಧ್ರತೆಯಿಂದ ಗುಣಿಸಿಕೊಳ್ಳುತ್ತದೆ. ಆದ್ದರಿಂದ ಹೆನ್ರಿಯ ಉತ್ತರಕ್ಕೆ ಹೋಲಿಸಬೇಕಿದ್ದರೆ 1.62925 ಕೊಡಿ. 0.57024 ಕೊಟ್ಟರೆ ಆ ಸಂಖ್ಯೆ 0.035ಕ್ಕೆ ಇಳಿದು, ಬೆಣೆ ಇನ್ನಷ್ಟು ಒಳಗೆ ಸರಿಯುತ್ತದೆ, ಮಿಶ್ರಣದ ಪಟ್ಟಿ ತೆಳ್ಳಗಾಗುತ್ತದೆ. ಅದೂ ತಪ್ಪು ಲೆಕ್ಕವೇನಲ್ಲ, ಆದರೆ ಬೇರೆ ಸಮಸ್ಯೆಯ ಉತ್ತರ. ಯುಎಸ್‌ಜಿಎಸ್‌ನ ಮಾದರಿ ಉದಾಹರಣೆಗಳಲ್ಲೂ 0.57024 ಬಳಕೆಯಲ್ಲಿದೆ. ನಕಲು ಮಾಡುವ ಮುನ್ನ ಯಾವುದಕ್ಕೆ ಹೋಲಿಸುತ್ತಿದ್ದೀರಿ ಎಂದು ನೋಡಿಕೊಳ್ಳಿ.

ಸಾಂದ್ರತೆಯಲ್ಲೂ ಇಂಥದೇ ಸಣ್ಣ ಗುಂಡಿ ಇದೆ. ಉಪ್ಪಿನ ಪ್ರತಿ ಏಕಮಾನಕ್ಕೆ ಸಾಂದ್ರತೆ ಎಷ್ಟು ಏರುತ್ತದೆ ಎಂಬುದಕ್ಕೆ 0.7 ಎಂದು ಬರೆಯುವುದು ರೂಢಿ. ಹಾಗೆ ಕೊಟ್ಟರೆ ಸಮುದ್ರದ ನೀರು 1024.5ಕ್ಕೆ ನಿಲ್ಲುತ್ತದೆ. 1025 ಬೇಕಾದರೆ 25ನ್ನು 35ರಿಂದ ಭಾಗಿಸಿ, 0.7143 ಕೊಡಿ.

ಬೇಕಾಗುವ ಸಾಮಗ್ರಿ

ಪೈಥಾನ್, ಅದರೊಳಗೆ ಫ್ಲೋಪೈ (ಮಾಡ್‌ಫ್ಲೋ ಮಾದರಿ ಕಟ್ಟಲು), ನಮ್‌ಪೈ (ಅಂಕಿಗಳಿಗೆ), ಮ್ಯಾಟ್‌ಪ್ಲಾಟ್‌ಲಿಬ್ (ಚಿತ್ರಗಳಿಗೆ). ಮೂರನ್ನೂ ಪಿಪ್ ಮೂಲಕ ಹಾಕಿಕೊಳ್ಳಬಹುದು. ಮಾಡ್‌ಫ್ಲೋ 6 ಯುಎಸ್‌ಜಿಎಸ್‌ನ ಉಚಿತ ತಂತ್ರಾಂಶ. ಫ್ಲೋಪೈ ಜೊತೆಗೇ ಬರುವ ಗೆಟ್-ಮಾಡ್‌ಫ್ಲೋ ಎಂಬ ಕಮಾಂಡ್ ಕೊಟ್ಟರೆ ಅದು ಇಳಿದು ಕೂರುತ್ತದೆ. ಹಳಬರು ಇದೇ ಕೆಲಸಕ್ಕೆ ಸೀವ್ಯಾಟ್ ಬಳಸುತ್ತಾರೆ. ಅದು ಹರಿವಿನ ಮಾಡ್‌ಫ್ಲೋ-2000 ಮತ್ತು ಸಾಗಣೆಯ ಎಂಟಿ3ಡಿಎಂಎಸ್ ಎರಡನ್ನೂ ಹೊಲಿದು ಮಾಡಿದ್ದು, ಇವತ್ತಿಗೂ ಚೆನ್ನಾಗಿಯೇ ಓಡುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಮಾಡ್‌ಫ್ಲೋ 6 ಮೇಲು.

ಇವೆರಡರ ನಡುವೆ ತಿಳಿದಿರಲೇಬೇಕಾದ ಒಂದು ವ್ಯತ್ಯಾಸವಿದೆ. ಹೆಡ್ ಎಂದರೆ ಒಂದು ಜಾಗದ ನೀರಿನ ಒತ್ತಡವನ್ನು ನೀರು ಏರಿ ನಿಲ್ಲುವ ಮಟ್ಟವಾಗಿ ಹೇಳುವ ಅಳತೆ. ಸೀವ್ಯಾಟ್ ಎಲ್ಲ ಹೆಡ್‌ಗಳನ್ನೂ ಸಿಹಿನೀರಿನ ಸಮಾನ ಹೆಡ್ ಆಗಿ ಲೆಕ್ಕ ಹಾಕುತ್ತದೆ. ಮಾಡ್‌ಫ್ಲೋ 6ರಲ್ಲಿ ಹೆಡ್ ಎಂದರೆ ಆ ಸೆಲ್‌ನಲ್ಲಿರುವ (ಸೆಲ್ ಎಂದರೆ ಲೆಕ್ಕಕ್ಕಾಗಿ ಸೀಳನ್ನು ಕತ್ತರಿಸಿದ ತುಣುಕು) ನೀರಿನದೇ ಸಾಂದ್ರತೆಗೆ ತಕ್ಕ ಹೆಡ್. ಒಂದರ ಫೈಲಿನಿಂದ ಹೆಡ್ ಎತ್ತಿ ಇನ್ನೊಂದಕ್ಕೆ ಹಾಕಿದರೆ ಸೀಳಿನ ತಳದಲ್ಲಿ 2.5 ಸೆಂ.ಮೀ. ತನಕ ವ್ಯತ್ಯಾಸ ಬರುತ್ತದೆ. ಈ ಸಮಸ್ಯೆಯ ಅಳತೆಗೆ ಅದು ದೊಡ್ಡದೇ.

ಕಟ್ಟುವ ಕ್ರಮ

ಒಂದೇ ಸಿಮ್ಯುಲೇಷನ್‌ನೊಳಗೆ ಎರಡು ಮಾಡೆಲ್ ಬೇಕು. ನೀರಿನ ಹರಿವಿಗೆ ಜಿಡಬ್ಲ್ಯೂಎಫ್, ಉಪ್ಪಿನ ಸಾಗಣೆಗೆ ಜಿಡಬ್ಲ್ಯೂಟಿ. ಎರಡಕ್ಕೂ ಒಂದೇ ಗ್ರಿಡ್: 40 ಪದರ, 1 ಅಡ್ಡಸಾಲು, 80 ಕಂಬಸಾಲು. ಪ್ರತಿ ಸೆಲ್ 2.5 ಸೆಂ.ಮೀ. ಚೌಕ. ಪದರ 1 ಮೇಲೆ, ಪದರ 40 ತಳದಲ್ಲಿ.

ಕಾಲ: 0.5 ದಿನವನ್ನು 500 ಹಂತ ಮಾಡಿ, ಹಂತಕ್ಕೆ 0.001 ದಿನ. ಇಷ್ಟು ಸಾಕೇ ಎಂದು ನೋಡಲು ಹೀಗೆ ಲೆಕ್ಕ ಹಾಕಿ. ಸೀಳಿನೊಳಗಿನ ನೀರು 2 × 1 × 0.35, ಅಂದರೆ 0.7 ಘನ ಮೀಟರ್. ದಿನಕ್ಕೆ 5.7024 ಘನ ಮೀಟರ್ ಬಂದರೆ ಸುಮಾರು ಮೂರು ಗಂಟೆಗೊಮ್ಮೆ ಇಡೀ ನೀರು ಬದಲಾದಂತೆ. ಅರ್ಧ ದಿನಕ್ಕೆ ನಾಲ್ಕು ಸಲ. ಸ್ಥಿರವಾಗಲು ಅಷ್ಟು ಸಾಕು.

ಹರಿವಿನ ಮಾಡೆಲ್‌ನಲ್ಲಿ ಜಲವಾಹಕತೆ ಕೊಡುವ ಎನ್‌ಪಿಎಫ್ ಪ್ಯಾಕೇಜ್‌ನಲ್ಲಿ ನಿರ್ದಿಷ್ಟ ಹರಿವನ್ನು (ಒಂದು ಚದರ ಮೀಟರ್ ಮೂಲಕ ಹಾಯುವ ನೀರು) ಉಳಿಸುವ ಆಯ್ಕೆ ಆನ್ ಮಾಡಿ. ಆಮೇಲೆ ಬಾಣಗಳ ಚಿತ್ರ ಬಿಡಿಸಲು ಅದೇ ಬೇಕು. ಶೇಖರಣೆಯ ಪ್ಯಾಕೇಜ್ ಬೇಡ. ಇಲ್ಲಿ ಕಾಲದೊಂದಿಗೆ ಬದಲಾಗುವುದು ಉಪ್ಪು ಮಾತ್ರ.

ಎಡಗಡೆಯ 40 ಸೆಲ್‌ಗಳಿಗೂ ವೆಲ್ ಪ್ಯಾಕೇಜ್ ಮೂಲಕ ತಲಾ 0.14256 ಘನ ಮೀಟರ್ ಒಳಹರಿವು, ಉಪ್ಪು ಸೊನ್ನೆ. ಬಲಗಡೆಯ 40 ಸೆಲ್‌ಗಳಿಗೆ, ಹೊರಗಿನ ಹೆಡ್‌ಗೆ ತಕ್ಕಂತೆ ನೀರನ್ನು ಒಳಗೂ ಹೊರಗೂ ಬಿಡುವ ಜಿಎಚ್‌ಬಿ ಪ್ಯಾಕೇಜ್: ಹೆಡ್ 1.0, ಉಪ್ಪು 35. ಜಿಎಚ್‌ಬಿಯ ವಾಹಕತೆಗೆ ಬಾಯಿಗೆ ಬಂದ ಸಂಖ್ಯೆ ಹಾಕಬೇಡಿ. ಸಮುದ್ರದ ಮುಖ ಕೊನೆಯ ಸೆಲ್‌ನ ಬಲ ಅಂಚಿನಲ್ಲಿದೆ, ಸೆಲ್‌ನ ನಡುವಿನಿಂದ ಅಲ್ಲಿಗೆ 1.25 ಸೆಂ.ಮೀ. ದೂರ. ಹಾಗಾಗಿ 864 × 0.025 × 1 ÷ 0.0125, ಅಂದರೆ 1728. ತೀರ ಕಡಿಮೆ ಸಂಖ್ಯೆ ಹಾಕಿದರೆ ಸಮುದ್ರದ ಮುಂದೆ ಕಾಣದ ಗೋಡೆಯೊಂದನ್ನು ಕಟ್ಟಿದಂತಾಗಿ ಉಪ್ಪುನೀರಿನ ಸುತ್ತು ಮಂಕಾಗುತ್ತದೆ.

ಸಾಂದ್ರತೆಯ ಕೆಲಸವೆಲ್ಲ ಬಿಯುವೈ ಪ್ಯಾಕೇಜ್‌ನದು. ಅದಕ್ಕೆ ಆಧಾರ ಸಾಂದ್ರತೆ 1000, ಏರಿಕೆಯ ದರ 0.7143, ಆಧಾರ ಉಪ್ಪು 0, ಉಪ್ಪಿನ ಮಾಡೆಲ್‌ನ ಹೆಸರು, ಕೊನೆಗೆ ಜಿಎಚ್‌ಬಿಯಲ್ಲಿ ಉಪ್ಪಿನ ಬೆಲೆ ಇಟ್ಟ ಹೆಚ್ಚುವರಿ ಕಾಲಮ್‌ನ ಹೆಸರು ಕೊಡಬೇಕು. ಈ ಕೊನೆಯ ಹೆಸರನ್ನು ಎರಡು ಸಲ ಓದಿ ನೋಡಿ. ಜಿಎಚ್‌ಬಿಯಲ್ಲಿ ಒಂದು ಹೆಸರು, ಬಿಯುವೈಯಲ್ಲಿ ಇನ್ನೊಂದು ಬರೆದರೆ ಸಮುದ್ರದ ನೀರಿಗೂ ಆಧಾರ ಸಾಂದ್ರತೆಯೇ ಅಂಟಿಕೊಳ್ಳುತ್ತದೆ. ಕಾಗುಣಿತದ ತಪ್ಪಿಗೆ ಇಡೀ ಸಮುದ್ರ ಹಗುರವಾಗಿಬಿಡುತ್ತದೆ.

ಉಪ್ಪಿನ ಮಾಡೆಲ್‌ನಲ್ಲಿ ಆರಂಭದ ಬೆಲೆ ಎಲ್ಲೆಡೆ 35. ಉಪ್ಪು ತುಂಬಿದ ಮರಳನ್ನು ಸಿಹಿನೀರು ತೊಳೆಯುತ್ತಾ ಹೋಗಲಿ. ಸೊನ್ನೆಯಿಂದ ಶುರು ಮಾಡಿದರೂ ಕೊನೆಯ ಉತ್ತರ ಅದೇ ಬರಬೇಕು. ಎರಡು ಕಡೆಯಿಂದಲೂ ಓಡಿಸಿ ಹೋಲಿಸುವುದು ಒಳ್ಳೆಯ ಪರೀಕ್ಷೆಯೂ ಹೌದು. ಸರಂಧ್ರತೆ ಎಂಎಸ್‌ಟಿ ಪ್ಯಾಕೇಜ್‌ಗೆ, ವಿಸರಣಾಂಕ ಡಿಎಸ್‌ಪಿಗೆ ಹೋಗುತ್ತದೆ. ಡಿಎಸ್‌ಪಿಯಲ್ಲಿ, ದಿಕ್ಕಿಗೆ ತಕ್ಕಂತೆ ಬದಲಾಗುವ ವಿಸರಣಕ್ಕಾಗಿ ಇರುವ ಎಕ್ಸ್‌ಟಿ3ಡಿ ಲೆಕ್ಕ ತಾನಾಗಿಯೇ ಆನ್ ಇರುತ್ತದೆ. ಇಲ್ಲಿ ವಿಸರಣ ಎಲ್ಲ ದಿಕ್ಕಿಗೂ ಒಂದೇ, ಗ್ರಿಡ್ ನೇರ, ಆದ್ದರಿಂದ ಅದನ್ನು ಆಫ್ ಮಾಡಿದರೆ ಓಟ ಬೇಗ ಮುಗಿಯುತ್ತದೆ. ಗಡಿಗಳಿಂದ ಬರುವ ಉಪ್ಪನ್ನು ನೋಡಿಕೊಳ್ಳುವ ಎಸ್‌ಎಸ್‌ಎಂ ಪ್ಯಾಕೇಜ್‌ನಲ್ಲಿ ವೆಲ್ ಮತ್ತು ಜಿಎಚ್‌ಬಿ ಎರಡರ ಹೆಸರನ್ನೂ ಸೇರಿಸಿ. ಹೆಸರು ಸೇರಿಸದ ಗಡಿಯಿಂದ ಬರುವ ನೀರಿನಲ್ಲಿ ಉಪ್ಪು ಸೊನ್ನೆ ಎಂದೇ ತಂತ್ರಾಂಶ ತಿಳಿಯುತ್ತದೆ. ಕೊನೆಗೆ ಎರಡು ಮಾಡೆಲ್‌ಗಳನ್ನೂ ಜಿಡಬ್ಲ್ಯೂಎಫ್-ಜಿಡಬ್ಲ್ಯೂಟಿ ವಿನಿಮಯದ ಮೂಲಕ ಜೋಡಿಸಿ.

ಪ್ರತಿ ಹಂತದಲ್ಲೂ ಮೊದಲು ಹರಿವು, ಆಮೇಲೆ ಉಪ್ಪು ಬಿಡಿಸಲ್ಪಡುತ್ತದೆ. ಅಂದರೆ ಹರಿವು ಬಳಸುವ ಸಾಂದ್ರತೆ ಹಿಂದಿನ ಹಂತದ್ದು. ಕಾಲಹಂತವನ್ನು ಚಿಕ್ಕದಾಗಿಡಲು ಇದೂ ಒಂದು ಕಾರಣ.

ಸಾಲ್ವರ್: ಡೀಫಾಲ್ಟ್ ಬಿಟ್ಟರೆ ಕೆಟ್ಟಿತು

ಎರಡು ಮಾಡೆಲ್‌ಗಳಿಗೂ ಬೇರೆ ಬೇರೆ ಐಎಂಎಸ್ (ಸಮೀಕರಣ ಬಿಡಿಸುವ ಸಾಲ್ವರ್) ಕೊಡಿ, ಎರಡರಲ್ಲೂ ಬೈಸಿಜಿಸ್ಟ್ಯಾಬ್ ವಿಧಾನ ಆರಿಸಿ. ಉಪ್ಪಿನ ಸಮೀಕರಣಗಳ ಮ್ಯಾಟ್ರಿಕ್ಸ್ ಸಮಮಿತಿಯದ್ದಲ್ಲ. ಬಿಯುವೈ ಸೇರಿದ ಮೇಲೆ ಹರಿವಿನದೂ ಅಲ್ಲ. ಸರಳ ಸೆಟ್ಟಿಂಗ್‌ನಲ್ಲಿ ಬರುವ ಸಿಜಿ ವಿಧಾನ ಸಮಮಿತಿ ಇದ್ದಲ್ಲಿ ಮಾತ್ರ ಸರಿ.

ನಿಲುಗಡೆಯ ಮಿತಿ ಇನ್ನೂ ಮುಖ್ಯ. ಈ ಸಮಸ್ಯೆಯಲ್ಲಿ ಹೆಡ್‌ನ ವ್ಯತ್ಯಾಸಗಳೆಲ್ಲ ಸೆಂಟಿಮೀಟರ್ ಲೆಕ್ಕದವು. ಸಿಹಿನೀರನ್ನು 2 ಮೀಟರ್ ದೂಡಲು ಬೇಕಾದ ಇಳಿಜಾರು, 5.7024ನ್ನು 864ರಿಂದ ಭಾಗಿಸಿ 2ರಿಂದ ಗುಣಿಸಿದರೆ, ಸುಮಾರು 1.3 ಸೆಂ.ಮೀ. ಸಮುದ್ರದ ಭಾರದಿಂದ ತಳದಲ್ಲಿ ಹುಟ್ಟುವ ಹೆಚ್ಚುವರಿ ಹೆಡ್ 2.5 ಸೆಂ.ಮೀ. ಸರಳ ಸೆಟ್ಟಿಂಗ್‌ನ ಮಿತಿ 0.001, ಅಂದರೆ 1 ಮಿ.ಮೀ. 13 ಮಿ.ಮೀ. ಇಳಿಜಾರನ್ನು 1 ಮಿ.ಮೀ. ಮಿತಿಯಲ್ಲಿ ಬಿಡಿಸಿದರೆ ವೇಗಗಳು ನಂಬಿಕೆಗೆ ಅರ್ಹವಲ್ಲ. 0.00000001 ಅಥವಾ ಇನ್ನೂ ಚಿಕ್ಕದು ಕೊಡಿ. ಸಮಸ್ಯೆ ಚಿಕ್ಕದಾದ್ದರಿಂದ ಇದಕ್ಕೆ ಕಾಯಬೇಕಾದ ಹೊತ್ತು ಹೆಚ್ಚೇನಿಲ್ಲ.

ಓಡಿಸುವ ಮೊದಲು ಕೈಲೆಕ್ಕ

ರಂಧ್ರಗಳೊಳಗಿನ ವೇಗ: 5.7024 ÷ 0.35, ದಿನಕ್ಕೆ 16.29 ಮೀಟರ್. ಇದೊಂದು ಸಂಖ್ಯೆಯಿಂದ ಮೂರು ವಿಷಯ ತಿಳಿಯುತ್ತವೆ.

ಕೊರಾಂಟ್ ಸಂಖ್ಯೆ 16.29 × 0.001 ÷ 0.025, ಸುಮಾರು 0.65. ಒಂದು ಹಂತದಲ್ಲಿ ನೀರು ಒಂದು ಸೆಲ್ ದಾಟುವುದಿಲ್ಲ. ಆದರೆ ಇದು ಎಡಗಡೆಯ ವೇಗ. ಬಲಗಡೆ ಮೇಲ್ಮೂಲೆಯಲ್ಲಿ ಸಿಹಿನೀರೂ ಮರಳಿ ಬರುವ ಉಪ್ಪುನೀರೂ ಇಕ್ಕಟ್ಟಾದ ಜಾಗದಲ್ಲಿ ಒಟ್ಟಿಗೆ ಹೊರಬೀಳುವುದರಿಂದ ಅಲ್ಲಿ ವೇಗ ಹಲವು ಪಟ್ಟು ಹೆಚ್ಚು, ಸಂಖ್ಯೆ 1 ದಾಟುತ್ತದೆ. ಸ್ಥಿರ ಸ್ಥಿತಿಯ ಉತ್ತರವಷ್ಟೇ ಬೇಕಾದರೆ ಅದರಿಂದ ಹಾನಿಯಿಲ್ಲ. ನಡುವಿನ ಕಾಲದ ಚಿತ್ರಗಳು ಬೇಕಾದರೆ ಹಂತವನ್ನು ಇನ್ನೂ ಕಿರಿದು ಮಾಡಿ.

ಹರಿವಿನ ಸಾಗಣೆಗೂ ವಿಸರಣಕ್ಕೂ ಇರುವ ಅನುಪಾತವಾದ ಗ್ರಿಡ್‌ನ ಪೆಕ್ಲೆ ಸಂಖ್ಯೆ 16.29 × 0.025 ÷ 1.62925, ಸರಿಯಾಗಿ ಕಾಲು. 2ಕ್ಕಿಂತ ಬಹಳ ಕಡಿಮೆ ಇರುವುದರಿಂದ ಕೇಂದ್ರ ವ್ಯತ್ಯಾಸದ ವಿಧಾನ ಬಳಸಿದರೂ ಉತ್ತರ ಕುಣಿಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಉಪಯುಕ್ತ. ಹರಿವಿನೊಂದಿಗೆ ಉಪ್ಪು ಸಾಗುವುದನ್ನು ಲೆಕ್ಕ ಹಾಕುವ ಎಡಿವಿ ಪ್ಯಾಕೇಜ್‌ನಲ್ಲಿ ಏನೂ ಹೇಳದಿದ್ದರೆ ಬರುವ ಅಪ್‌ಸ್ಟ್ರೀಮ್ ವಿಧಾನ ತನ್ನದೇ ಒಂದು ಸುಳ್ಳು ವಿಸರಣವನ್ನು ಸೇರಿಸುತ್ತದೆ. ಅದರ ಗಾತ್ರ ವೇಗ × ಸೆಲ್ ಅಗಲ ÷ 2, ಇಲ್ಲಿ ದಿನಕ್ಕೆ 0.204 ಚದರ ಮೀಟರ್. ನೀವು ಕೊಟ್ಟ 1.62925ರ ಎದುರು ಇದು ನೂರಕ್ಕೆ ಹನ್ನೆರಡೂವರೆ. 0.57024 ಬಳಸುತ್ತಿದ್ದರೆ ನೂರಕ್ಕೆ ಮೂವತ್ತಾರು! ಕಾಲದ ಹಂತವೂ ಅದೇ ಬಗೆಯ ಸುಳ್ಳು ಸೇರಿಸುತ್ತದಾದರೂ ಸ್ಥಿರ ಸ್ಥಿತಿಯಲ್ಲಿ ಅದು ಮಾಯವಾಗುತ್ತದೆ, ಜಾಗದ್ದು ಮಾಯವಾಗುವುದಿಲ್ಲ. ಆದ್ದರಿಂದ ಟಿವಿಡಿ ಅಥವಾ ಕೇಂದ್ರ ವ್ಯತ್ಯಾಸ ಆರಿಸಿ. ಅಪ್‌ಸ್ಟ್ರೀಮ್‌ನಲ್ಲಿ ಒಮ್ಮೆ ಓಡಿಸಿ ವ್ಯತ್ಯಾಸವನ್ನು ಕಣ್ಣಾರೆ ನೋಡುವುದೂ ಒಳ್ಳೆಯದು.

ಬೆಣೆಯ ತುದಿ ಎಲ್ಲಿರಬಹುದು ಎಂಬುದಕ್ಕೂ ಒಂದು ಮೇಲ್ಮಿತಿ ಸಿಗುತ್ತದೆ. ಎರಡು ನೀರು ಬೆರೆಯುವುದೇ ಇಲ್ಲ ಎಂದುಕೊಂಡರೆ ತುದಿಯ ದೂರ, ಜಲವಾಹಕತೆ × ಸಾಂದ್ರತೆಯ ವ್ಯತ್ಯಾಸದ ಅನುಪಾತ × ಎತ್ತರದ ವರ್ಗ ÷ ಒಳಹರಿವಿನ ಎರಡರಷ್ಟು. 864 × 0.025 × 1 ÷ 11.4048, ಅಂದರೆ ಸಮುದ್ರದಿಂದ ಸುಮಾರು 1.89 ಮೀಟರ್. ಬಾವಿಯ ಮಟ್ಟ ಸಮುದ್ರಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ 40 ಮೀಟರ್ ಸಿಹಿನೀರು ಎನ್ನುವ ಗೀಬೆನ್-ಹರ್ಜ್‌ಬರ್ಗ್ ಸೂತ್ರದ ಮೇಲೆಯೇ ನಿಂತ ಲೆಕ್ಕ ಇದು. ಮಿಶ್ರಣ ಇರುವ ನಮ್ಮ ಮಾಡೆಲ್‌ನಲ್ಲಿ 17.5ರ (ಅರ್ಧ ಉಪ್ಪಿನ) ರೇಖೆ ತಳವನ್ನು ಮುಟ್ಟುವ ಜಾಗ ಇದಕ್ಕಿಂತ ಸಮುದ್ರದ ಕಡೆಗೆ, ಚೆನ್ನಾಗಿಯೇ ಹಿಂದೆ ಸರಿದಿರಬೇಕು. ತುದಿ ಎಡಗೋಡೆಯ ಹತ್ತಿರ ಹೋಗಿ ಕೂತಿದ್ದರೆ ವಿಸರಣ ಎಲ್ಲೋ ಕಳೆದುಹೋಗಿದೆ.

ಹೀಗೆ ಕಳೆದುಹೋಗುವ ಮಾಮೂಲಿ ದಾರಿ ಏಕಮಾನದ್ದು. ಹಳೆಯ ಪ್ರಬಂಧಗಳಲ್ಲಿ ವಿಸರಣಾಂಕ ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ: 0.00001886 ಚದರ ಮೀಟರ್. ಉಳಿದೆಲ್ಲ ದಿನದಲ್ಲಿದ್ದು ಇದನ್ನು ಹಾಗೆಯೇ ಹಾಕಿದರೆ ನಿಜವಾದ ವಿಸರಣ ಸೊನ್ನೆಗೆ ಸಮ. ಆದರೂ ಅಪ್‌ಸ್ಟ್ರೀಮ್ ವಿಧಾನದ ಸುಳ್ಳು ವಿಸರಣ ಅದರ ಜಾಗದಲ್ಲಿ ಕೂತು ನುಣುಪಾದ ರೇಖೆಗಳನ್ನೇ ಬಿಡಿಸಿಕೊಡುತ್ತದೆ. ಎಚ್ಚರಿಕೆಯ ಸಂದೇಶ ಒಂದೂ ಬರುವುದಿಲ್ಲ.

ಓಡಿದ ಮೇಲೆ ನೋಡಬೇಕಾದದ್ದು

ಚಿತ್ರಕ್ಕೆ ಮೊದಲು ಲಿಸ್ಟಿಂಗ್ ಫೈಲ್ ತೆರೆಯಿರಿ. ನೀರು, ಉಪ್ಪು ಎರಡರ ಜಮಾ-ಖರ್ಚಿನ ವ್ಯತ್ಯಾಸವೂ ಕೊನೆಯ ಹಂತದಲ್ಲಿ ಸೊನ್ನೆಯ ಹತ್ತಿರ ಇರಬೇಕು. ಆಮೇಲೆ ಜಿಎಚ್‌ಬಿಯ 40 ಸೆಲ್‌ಗಳ ಹರಿವನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ಅಚ್ಚು ಮಾಡಿ. ಮೇಲಿನವು ಋಣ ಅಂದರೆ ಹೊರಹರಿವು, ಕೆಳಗಿನವು ಧನ ಅಂದರೆ ಒಳಹರಿವು. ಚಿಹ್ನೆ ಒಂದೇ ಕಡೆ ಬದಲಾಗಬೇಕು, ಒಟ್ಟು ಮೊತ್ತ −5.7024 ಬರಬೇಕು. ಇಡೀ ಲೆಕ್ಕದ ನಾಡಿ ಈ 40 ಸಂಖ್ಯೆಗಳ ಪಟ್ಟಿಯಲ್ಲಿದೆ, ಬಣ್ಣದ ಚಿತ್ರ ಇಷ್ಟನ್ನು ಹೇಳುವುದಿಲ್ಲ.

ಉಪ್ಪಿನ ಕನಿಷ್ಠ, ಗರಿಷ್ಠ ಬೆಲೆ ನೋಡಿ. 35 ದಾಟಿದ್ದರೆ ಅಥವಾ ಸೊನ್ನೆಗಿಂತ ಕೆಳಗಿದ್ದರೆ ಎರಡು ಕಾರಣ ಇರಬಹುದು. ಕೇಂದ್ರ ವ್ಯತ್ಯಾಸದಲ್ಲಿ ಸೆಲ್ ದೊಡ್ಡದಾಗಿ ಉತ್ತರ ಕುಣಿಯುತ್ತಿರಬಹುದು. ಅಪ್‌ಸ್ಟ್ರೀಮ್‌ನಲ್ಲೂ 35 ದಾಟುತ್ತಿದ್ದರೆ ದೋಷ ಉಪ್ಪಿನದ್ದಲ್ಲ, ಹರಿವಿನ ಸಾಲ್ವರ್ ಅರ್ಧಕ್ಕೇ ನಿಂತಿದೆ. ನೀರಿನ ಲೆಕ್ಕ ಸೆಲ್‌ನಲ್ಲಿ ಸರಿಹೋಗದಿದ್ದರೆ ಆ ಕೊರತೆ ಉಪ್ಪಿನ ಮೇಲೆ ಬೀಳುತ್ತದೆ.

ಇಡೀ ಸೀಳು ಸಿಹಿಯಾಗಿಬಿಟ್ಟರೆ ಬಾಣಗಳನ್ನು ನೋಡಿ. ಸಮುದ್ರದ ಮುಖದುದ್ದಕ್ಕೂ ನೀರು ಹೊರಗೇ ಹೋಗುತ್ತಿದ್ದರೆ ಬಿಯುವೈಗೆ ಸಮುದ್ರದ ಸಾಂದ್ರತೆ ತಲುಪಿಲ್ಲ, ಹೆಚ್ಚುವರಿ ಕಾಲಮ್‌ನ ಹೆಸರು ನೋಡಿ. ತಳದಿಂದ ನೀರು ಒಳಬರುತ್ತಿದ್ದೂ ಉಪ್ಪು ಕಾಣದಿದ್ದರೆ ಎಸ್‌ಎಸ್‌ಎಂ ಪಟ್ಟಿಯಲ್ಲಿ ಜಿಎಚ್‌ಬಿ ಬಿಟ್ಟುಹೋಗಿದೆ.

ಬೆಣೆ ಮೇಲಿನಿಂದ ನೇತಾಡುತ್ತಿದ್ದರೆ ಗಾಬರಿ ಬೇಡ. ಮ್ಯಾಟ್‌ಪ್ಲಾಟ್‌ಲಿಬ್‌ನ ಕಾಂಟೂರ್‌ಗೆ ಎತ್ತರದ ಬೆಲೆಗಳನ್ನು ಕೊಡದಿದ್ದರೆ ಅದು ಮೊದಲ ಪದರವನ್ನು ಕೆಳಗೆ ಇಡುತ್ತದೆ. ಲೆಕ್ಕ ಸರಿಯಿದೆ, ಚಿತ್ರ ತಲೆಕೆಳಗಾಗಿದೆ, ಅಷ್ಟೆ. ಇನ್ನೊಂದು ಮಾತು: ಹೆಡ್‌ನ ಸಮರೇಖೆಗೆ ಲಂಬವಾಗಿ ನೀರು ಹರಿಯುತ್ತದೆ ಎಂಬ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಸಾಂದ್ರತೆ ಬದಲಾಗುವ ಜಾಗದಲ್ಲಿ ಅದು ನಿಜವಲ್ಲ. ದಿಕ್ಕು ಬೇಕಾದರೆ ಉಳಿಸಿದ ನಿರ್ದಿಷ್ಟ ಹರಿವನ್ನೇ ಬಿಡಿಸಿ.

ನಿಮ್ಮ ರೇಖೆಗಳನ್ನು ಹೆನ್ರಿಯ 1964ರ ಮೂಲ ರೇಖೆಗಳ ಮೇಲೆ ಇಟ್ಟು ಹೋಲಿಸಿ ನಿರಾಶರಾಗಬೇಡಿ. ಅವುಗಳಿಗೆ ಸರಿಹೊಂದುವ ಕಂಪ್ಯೂಟರ್ ಉತ್ತರ ವರ್ಷಗಟ್ಟಲೆ ಯಾರಿಗೂ ಸಿಗಲಿಲ್ಲ. 1994ರಲ್ಲಿ ಸೆಗಾಲ್, ಹೆನ್ರಿ ತಮ್ಮ ಉತ್ತರವನ್ನು ಬರೆದಿದ್ದ ಗಣಿತ ಶ್ರೇಣಿಯನ್ನು ಹೆಚ್ಚು ಪದಗಳೊಂದಿಗೆ ಮತ್ತೆ ಲೆಕ್ಕ ಹಾಕಿದಾಗ ತಂತ್ರಾಂಶಗಳ ಉತ್ತರಕ್ಕೆ ಹತ್ತಿರ ಬಂತು. ತಿದ್ದಿದ ರೇಖೆಗಳಿಗೆ ಮಾತ್ರ ಹೋಲಿಸಿ. ಹೋಲಿಸುವಾಗಲೂ ಒಂದು ವ್ಯತ್ಯಾಸ ನೆನಪಿರಲಿ: ಹೆನ್ರಿ ಸಮುದ್ರದ ಮುಖದುದ್ದಕ್ಕೂ ಉಪ್ಪು 35 ಎಂದೇ ಹಿಡಿದಿದ್ದರು, ಸಿಹಿನೀರು ಹೊರಬೀಳುವ ಜಾಗದಲ್ಲೂ. ಜಿಎಚ್‌ಬಿ ಬಳಸಿದಾಗ ಹೊರಹೋಗುವ ನೀರು ತನ್ನಲ್ಲಿದ್ದಷ್ಟೇ ಉಪ್ಪನ್ನು ಒಯ್ಯುತ್ತದೆ. ನಿಸರ್ಗಕ್ಕೆ ಇದೇ ಹತ್ತಿರ, ಆದರೆ ಬಲಗಡೆ ಮೇಲ್ಮೂಲೆಯ ರೇಖೆಗಳು ಹೆನ್ರಿಯವುಗಳಿಗೆ ಹೊಂದುವುದಿಲ್ಲ. ಹೊಂದಲೇಬೇಕಾದರೆ ಕೊನೆಯ ಕಂಬಸಾಲಿಗೆ ಸಿಎನ್‌ಸಿ ಪ್ಯಾಕೇಜ್ ಹಾಕಿ ಉಪ್ಪನ್ನು 35ಕ್ಕೆ ಕಟ್ಟಿಹಾಕಿ.

ಸಾಂದ್ರತೆ ನಿಜಕ್ಕೂ ಕೆಲಸ ಮಾಡುತ್ತಿದೆಯೇ

ಹೆನ್ರಿ ಸಮಸ್ಯೆಯ ದೊಡ್ಡ ದೌರ್ಬಲ್ಯ ಇಲ್ಲಿದೆ. ಒಳಗಿನ ಸಾಂದ್ರತೆಯನ್ನು ಪೂರ್ತಿ ಮರೆತು, ಸಮುದ್ರದ ಗಡಿಯಲ್ಲಿ ಮಾತ್ರ ಅದರ ಭಾರ ಹಾಕಿದರೂ ಬಹುಮಟ್ಟಿಗೆ ಇಂಥದೇ ಬೆಣೆ ಬರುತ್ತದೆ. ಸಿಹಿನೀರಿನ ತಳ್ಳುವಿಕೆ ಅಷ್ಟು ಬಲವಾಗಿದೆ. ಸಿಂಪ್ಸನ್ ಮತ್ತು ಕ್ಲೆಮೆಂಟ್ 2003-04ರಲ್ಲಿ ಇದನ್ನು ತೋರಿಸಿ, ಒಳಹರಿವನ್ನು ಅರ್ಧಕ್ಕೆ, ಅಂದರೆ ದಿನಕ್ಕೆ 2.8512ಕ್ಕೆ ಇಳಿಸಿದರೆ ಪರೀಕ್ಷೆ ಗಟ್ಟಿಯಾಗುತ್ತದೆ ಎಂದರು.

ನೀವೂ ಮಾಡಿ ನೋಡಿ. ಬಿಯುವೈಯನ್ನು ತೆಗೆದುಹಾಕಿ. ಜಿಎಚ್‌ಬಿಯ ಹೆಡ್ ಎಲ್ಲ ಕಡೆ 1.0 ಇರುವ ಬದಲು ಸಿಹಿನೀರಿನ ಸಮಾನ ಹೆಡ್ ಕೊಡಿ: 1 + 0.025 × (1 − ಸೆಲ್ ನಡುವಿನ ಎತ್ತರ). ಮೇಲಿನ ಸೆಲ್‌ಗೆ 1.0003, ತಳದ ಸೆಲ್‌ಗೆ 1.0247. ಇದನ್ನು ಬಿಯುವೈ ಇರುವ ಓಟದೊಂದಿಗೆ 5.7024ರಲ್ಲೂ 2.8512ರಲ್ಲೂ ಹೋಲಿಸಿ. ಮೊದಲನೆಯದರಲ್ಲಿ ರೇಖೆಗಳು ಹತ್ತಿರ ಹತ್ತಿರ, ಎರಡನೆಯದರಲ್ಲಿ ಸ್ಪಷ್ಟವಾಗಿ ದೂರ ಬರಬೇಕು. ಎರಡರಲ್ಲೂ ವ್ಯತ್ಯಾಸವೇ ಇಲ್ಲದಿದ್ದರೆ ನಿಮ್ಮ ಬಿಯುವೈ ಗಡಿಯಲ್ಲಷ್ಟೇ ಕೆಲಸ ಮಾಡುತ್ತಿದೆ, ಸೀಳಿನೊಳಗೆ ಏನೂ ಮಾಡುತ್ತಿಲ್ಲ ಎಂದರ್ಥ. ಒಳಹರಿವು ಅರ್ಧವಾದಾಗ ನೀರು ಒಮ್ಮೆ ಬದಲಾಗಲು ಸುಮಾರು ಆರು ಗಂಟೆ ಬೇಕು. ಕಾಲವನ್ನು 1 ದಿನಕ್ಕೆ, ಹಂತಗಳನ್ನು 1000ಕ್ಕೆ ಏರಿಸಿ. ಇದನ್ನು ಮರೆತವರು ಇನ್ನೂ ಚಲಿಸುತ್ತಿರುವ ಬೆಣೆಯನ್ನೇ ಕೊನೆಯ ಉತ್ತರ ಎಂದುಕೊಳ್ಳುತ್ತಾರೆ.

ಇನ್ನೊಂದು ಅಗ್ಗದ ಪರೀಕ್ಷೆ: ವೆಲ್ ತೆಗೆದು, ಎಲ್ಲೆಡೆ 35 ತುಂಬಿ ಓಡಿಸಿ. ಎಲ್ಲ ವೇಗಗಳೂ ಸೊನ್ನೆಯಾಗಬೇಕು. ಸುಮ್ಮನೆ ನಿಂತಿರಬೇಕಾದ ನೀರು ಸುತ್ತುತ್ತಿದ್ದರೆ ಎತ್ತರದ ಅಥವಾ ಗಡಿಯ ಹೆಡ್‌ನ ಲೆಕ್ಕ ತಪ್ಪಿದೆ.

ಕಟ್ಟಕಡೆಗೆ ಗ್ರಿಡ್ಡನ್ನು 160 × 80 ಮಾಡಿ, ಹಂತವನ್ನು ಅರ್ಧಕ್ಕಿಳಿಸಿ. ವೆಲ್‌ನ ಪಾಲನ್ನು 80ರಿಂದ ಭಾಗಿಸಿ. ಜಿಎಚ್‌ಬಿಯ ವಾಹಕತೆ ಮಾತ್ರ 1728 ಆಗಿಯೇ ಉಳಿಯುತ್ತದೆ, ಯಾಕೆಂದರೆ ಸೆಲ್‌ನ ಎತ್ತರವೂ ದೂರವೂ ಒಟ್ಟಿಗೆ ಅರ್ಧವಾಗುತ್ತವೆ. ಹೆನ್ರಿಯಲ್ಲಿ ಉತ್ತರ ಅಲುಗಾಡಬಾರದು.

ಎಲ್ಲ ಸಮಸ್ಯೆಗಳೂ ಇಷ್ಟು ಸಾಧುವಲ್ಲ. ಎಲ್ಡರ್ ಸಮಸ್ಯೆಯಲ್ಲಿ 600 ಮೀಟರ್ ಉದ್ದ, 150 ಮೀಟರ್ ಆಳದ ಪೆಟ್ಟಿಗೆಗೆ ಮೇಲಿನ ನಡುಭಾಗದಿಂದ 1200 ಸಾಂದ್ರತೆಯ ಉಪ್ಪುನೀರು ಇಳಿಯುತ್ತದೆ. ಭಾರದ ನೀರು ಮೇಲೆ, ಹಗುರದ್ದು ಕೆಳಗೆ. ಇಲ್ಲಿ ಒಂದಕ್ಕಿಂತ ಹೆಚ್ಚು ಸ್ಥಿರ ಉತ್ತರಗಳು ನಿಜವಾಗಿಯೇ ಇವೆ. ಗ್ರಿಡ್ ಬದಲಿಸಿದರೆ ನಡುವಿನಲ್ಲಿ ಇಳಿಯುತ್ತಿದ್ದ ಉಪ್ಪುನೀರು ಏರತೊಡಗುತ್ತದೆ. ಅಂಥ ಕಡೆ ಎರಡು ತಂತ್ರಾಂಶಗಳ ಚಿತ್ರ ಬೇರೆಯಾದರೆ ಯಾರದೋ ತಪ್ಪು ಎಂದು ಹುಡುಕುತ್ತಾ ಕೂರಬೇಡಿ.

ನಿಜವಾದ ಕರಾವಳಿಗೆ ಹೋಗುವಾಗ

2 ಮೀಟರಿನ ಸೀಳಿನಿಂದ ಕಿಲೋಮೀಟರುಗಳಿಗೆ ಹೋದಾಗ ಅಣುವಿಸರಣ ಲೆಕ್ಕಕ್ಕೇ ಬರುವುದಿಲ್ಲ, ಮಿಶ್ರಣವನ್ನು ಆಳುವುದು ಮಣ್ಣಿನ ಪ್ರಸರಣಶೀಲತೆ, ಅಂದರೆ ಹರಿಯುವ ನೀರು ಮಣ್ಣಿನ ಕಣಗಳ ನಡುವೆ ಚದುರಿ ಬೆರೆಯುವುದರ ಅಳತೆ. ಅದನ್ನು 10 ಮೀಟರ್ ಎಂದು ಹಿಡಿದರೆ ಸಮುದ್ರದ ಬಳಿ ಸೆಲ್ ಅಗಲ 20 ಮೀಟರಿಗಿಂತ ಹೆಚ್ಚಿರಬಾರದು, ಅದೇ ಪೆಕ್ಲೆ 2ರ ನಿಯಮ. 200 ಮೀಟರ್ ಸೆಲ್ ಇಟ್ಟುಕೊಂಡು ಪ್ರಸರಣಶೀಲತೆಯನ್ನು ತಿದ್ದಿ ಬಾವಿಯ ಉಪ್ಪಿಗೆ ಹೊಂದಿಸಿದವರು ತಿದ್ದಿದ್ದು ಗ್ರಿಡ್‌ನ ದೋಷವನ್ನು, ಮಣ್ಣಿನ ಗುಣವನ್ನಲ್ಲ. ಲಂಬ ದಿಕ್ಕಿನಲ್ಲೂ ಒಂದೆರಡು ದಪ್ಪ ಪದರದಲ್ಲಿ ಬೆಣೆ ಕೂರುವುದಿಲ್ಲ.

ಆರಂಭದ ಉಪ್ಪನ್ನು ಬಾವಿಗಳ ಮಾದರಿಯಿಂದ ಹರಡಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಹಾಕಿದ ಉಪ್ಪಿಗೂ ಹೆಡ್‌ಗೂ ಹೊಂದಾಣಿಕೆ ಇರದೆ ಮೊದಲ ಹಂತಗಳಲ್ಲೇ ಸುಳ್ಳು ಸುಳಿಗಳು ಏಳುತ್ತವೆ. ಅದರ ಬದಲು ಸರಾಸರಿ ವರ್ಷವೊಂದನ್ನು ಮತ್ತೆ ಮತ್ತೆ ಓಡಿಸಿ, ಜಲಧರದಲ್ಲಿನ ಒಟ್ಟು ಉಪ್ಪು ವರ್ಷದಿಂದ ವರ್ಷಕ್ಕೆ ಬದಲಾಗದಿದ್ದಾಗ ಅಲ್ಲಿಂದ ನಿಜವಾದ ಲೆಕ್ಕ ಶುರು ಮಾಡಿ. ಬಾವಿಯ ಮಾದರಿಗಳು ಹೋಲಿಕೆಗೆ ಇರಲಿ.

ದಕ್ಷಿಣ ಕನ್ನಡ, ಉಡುಪಿಯ ಕಡೆ ಇನ್ನೂ ಎರಡು ಸಂಗತಿ ಸೇರಿಸಲೇಬೇಕು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಿಂದ ವಾರ್ಷಿಕ ಸರಾಸರಿ ಮರುಪೂರಣ ಹಾಕಿದರೆ ಬೇಸಿಗೆಯ ಉಪ್ಪು ಕಾಣುವುದೇ ಇಲ್ಲ. ಒತ್ತಡದ ಅವಧಿಗಳನ್ನು (ಗಡಿಯ ಬೆಲೆಗಳು ಬದಲಾಗದೆ ಉಳಿಯುವ ಕಾಲಖಂಡಗಳು) ತಿಂಗಳಿಗೊಂದರಂತೆ ಮಾಡಿ. ಎರಡನೆಯದಾಗಿ, ಉಪ್ಪು ಸಮುದ್ರದ ದಂಡೆಯಿಂದ ಮಾತ್ರ ಬರುವುದಿಲ್ಲ. ಬೇಸಿಗೆಯಲ್ಲಿ ನೇತ್ರಾವತಿ, ಗುರುಪುರದಂಥ ನದಿಗಳ ಅಳಿವೆಯೊಳಗೆ ಭರತದ ನೀರು ಏರುತ್ತದೆ, ಅದನ್ನು ತಡೆಯಲೆಂದೇ ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟುವುದು. ಹಾಗಾಗಿ ಅಳಿವೆಯ ಸೆಲ್‌ಗಳಿಗೂ ಜಿಎಚ್‌ಬಿ ಹಾಕಿ, ಅವುಗಳ ಉಪ್ಪನ್ನು ತಿಂಗಳು ತಿಂಗಳೂ ಬದಲಿಸಿ: ಮಳೆಗಾಲದಲ್ಲಿ ಸೊನ್ನೆಯ ಹತ್ತಿರ, ಏಪ್ರಿಲ್-ಮೇಯಲ್ಲಿ ಅಳೆದು ಸಿಕ್ಕಿದಷ್ಟು. ಕಿಂಡಿಗೆ ಹಲಗೆ ಇಳಿಸುವ ಮತ್ತು ತೆಗೆಯುವ ತಿಂಗಳುಗಳನ್ನು ಸ್ಥಳೀಯರಿಂದ ಕೇಳಿ ಅದೇ ಅವಧಿಗಳಿಗೆ ಅಣೆಕಟ್ಟಿನ ಮೇಲ್ಭಾಗದ ಹೆಡ್ ಏರಿಸಿ, ಆ ಸೆಲ್‌ಗಳ ಉಪ್ಪನ್ನು ಸಿಹಿನೀರಿನದಕ್ಕೆ ಇಳಿಸಿ.